1897ರ ಎರಡು ಐಡಿಯಾ, ಒಂದೇ ಸೈಕಲ್ 🚲

(ಸೈಕಲ್ ಕಥೆ, ಭಾಗ 4)

ಹಳೇ ಇಂಗ್ಲಿಷ್ ಲೈಟ್‌ವೇಟ್ ಸೈಕಲ್‌ಗೆ ಮೋಟರ್ ಹಾಕ್ತಾರೆ ಅಂದ್ರೆ ತುಂಬಾ ಜನಕ್ಕೆ ಹೊಟ್ಟೆ ಉರಿಯುತ್ತೆ. ನಂಗೂ ಹಾಗೇ ಆಗಿತ್ತು. ಇತಿಹಾಸ ಓದಿದ ಮೇಲೆ ಮನಸ್ಸು ಬದಲಾಯ್ತು.

1897. ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊಳೆ ಮಾಡುವ ಮನೆತನದ ಆಲ್ಫ್ರೆಡ್ ರೆನಾಲ್ಡ್ಸ್, ಜೊತೆಗಾರನೊಬ್ಬನ ಜೊತೆ ಸೇರಿ, ತುದಿಯಲ್ಲಿ ದಪ್ಪ, ನಡುವೆ ತೆಳು ಇರುವ ಉಕ್ಕಿನ ಕೊಳವೆಗೆ ಪೇಟೆಂಟ್ ಪಡೆದ. ಬೆಸುಗೆ ಬೀಳೋ ಕಡೆ ಗಟ್ಟಿ, ಉಳಿದ ಕಡೆ ಹಗುರ. 1935ರಲ್ಲಿ ಅದೇ ಕಂಪನಿಯ ‘531’ ಕೊಳವೆ ಬಂತು, ಹಗುರ ಸೈಕಲ್‌ಗಳಿಗೆ ಹೆಸರಾಯ್ತು.

ಅದೇ 1897ರ ಡಿಸೆಂಬರ್. ಅಮೆರಿಕದ ಬೋಸ್ಟನ್‌ನ ಹೋಸಿಯಾ ಲಿಬ್ಬಿಗೆ, ಪೆಡಲ್ ಆಕ್ಸಲ್ ಇರೋ ಜಾಗದಲ್ಲೇ ಮೋಟರ್ ಕೂರಿಸಿದ ಸೈಕಲ್‌ಗೆ ಪೇಟೆಂಟ್ ಸಿಕ್ತು. ಇವತ್ತಿನ ‘ಮಿಡ್-ಡ್ರೈವ್’ ಐಡಿಯಾನೂ ಇದೇ!

ಇವೆರಡನ್ನೂ ಸೇರಿಸೋದು ಒಂದು ತೂತು. ಪೆಡಲ್ ಆಕ್ಸಲ್ ಹಾದುಹೋಗುವ 68 ಮಿ.ಮೀ. ಅಗಲದ ಗೂಡು. ಅದರ ಥ್ರೆಡ್ ಅಳತೆಗೆ ಇಂದಿಗೂ ಬಿಎಸ್‌ಎ ಅಂತಲೇ ಹೆಸರು. 1861ರಲ್ಲಿ ಬಂದೂಕು ಮಾಡೋಕೆ ಶುರುವಾದ ಬರ್ಮಿಂಗ್‌ಹ್ಯಾಮ್ ಕಂಪನಿ ಅದು. ಈಗಿನ ಮೋಟರ್ ಕಿಟ್‌ಗಳೂ ಆ ಗೂಡಿಗೆ ಹೊಂದೋ ಹಾಗೇ ಬರ್ತವೆ. ಹಳೇ ಆಕ್ಸಲ್, ಕಪ್ ಬಿಚ್ಚಿ (ಬಲಗಡೆ ಕಪ್‌ಗೆ ಉಲ್ಟಾ ಥ್ರೆಡ್, ಹುಷಾರು!) ಮೋಟರ್ ತೂರಿಸಿ ನಟ್ ಬಿಗಿಯೋದು. ಫ್ರೇಮ್ ಕೊಯ್ಯಬೇಕಿಲ್ಲ. ಹಳೇ ಚಕ್ರ, ಹಿಂದಿನ ಗೇರ್ ಹಾಗೇ ಉಳಿಯುತ್ತವೆ.

ಒಂದು ಮಾತು: ಸ್ಟೀಲ್ ರಿಮ್ ಮಳೆಯಲ್ಲಿ ನೆಂದರೆ ಬ್ರೇಕ್ ಸರಿಯಾಗಿ ಹಿಡಿಯಲ್ಲ. ಮೊದಲು ಬ್ರೇಕ್, ಆಮೇಲೆ ಮೋಟರ್.

ಬಿಚ್ಚಿದ ಪಾರ್ಟ್ಸ್ ಎಸೀಬೇಡಿ, ಡಬ್ಬಿಯಲ್ಲಿ ಹಾಕಿಡಿ. ಮುಂದೆ ಯಾರಿಗಾದ್ರೂ ಹಳೇ ಸೈಕಲ್ಲೇ ಬೇಕು ಅನ್ನಿಸಿದ್ರೆ, ವಾಪಸ್ ಹಾಕೋಕೆ ಅದು ಬೇಕಲ್ವಾ?