ಬೋಳು ಬೆಟ್ಟಗಳ ಸುತ್ತು: ಲೇಕ್ ಡಿಸ್ಟ್ರಿಕ್ಟ್‌ನ ದೂರದ ಓಟದ ಚರಿತ್ರೆ

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರಗಳ ಸೀಮೆಯಲ್ಲಿ ಎತ್ತರದ ಪರ್ವತಗಳಿಲ್ಲ. ಇಡೀ ಇಂಗ್ಲೆಂಡಿಗೇ ಎತ್ತರವೆನಿಸಿದ ಅಲ್ಲಿನ ಸ್ಕಾಫೆಲ್ ಪೈಕ್ 978 ಮೀಟರ್ ಮಾತ್ರ, ಅಂದರೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಅರ್ಧದಷ್ಟು. ಆದರೆ ಶಿಖರಗಳು ಒತ್ತೊತ್ತಾಗಿ ನಿಂತಿರುವುದರಿಂದ ಒಂದನ್ನು ಇಳಿದು ಮುಗಿಸುವಷ್ಟರಲ್ಲಿ ಇನ್ನೊಂದರ ಏರು ಎದುರಾಗುತ್ತದೆ. ಕುರಿಗಳು ಮೇಯುವ, ಮರಗಳಿಲ್ಲದ, ಜೌಗು ಹುಲ್ಲು ಮತ್ತು ಸಡಿಲಗಲ್ಲುಗಳ ಈ ಬೆಟ್ಟಗಳನ್ನು ಸ್ಥಳೀಯರು ‘ಫೆಲ್’ ಎನ್ನುತ್ತಾರೆ. ಅವುಗಳ ಮೇಲಿನ ಓಟಕ್ಕೆ ‘ಫೆಲ್ ರನ್ನಿಂಗ್’ ಎಂದೇ ಹೆಸರು. ಈಗ ಎಲ್ಲೆಡೆ ಜನಪ್ರಿಯವಾಗಿರುವ ಟ್ರೇಲ್ ರನ್ನಿಂಗ್‌ಗೆ ಇದು ಹಿರಿಯ ಬಂಧುವಾದರೂ, ಇಲ್ಲಿ ಬಹುಮಟ್ಟಿಗೆ ಗುರುತು ಹಾಕಿದ ದಾರಿಯಿರುವುದಿಲ್ಲ, ಓಟಗಾರನು ನಕಾಶೆ ಮತ್ತು ದಿಕ್ಸೂಚಿಗಳ ನೆರವಿನಿಂದ ತನ್ನ ದಾರಿಯನ್ನು ತಾನೇ ಕಂಡುಕೊಳ್ಳಬೇಕಾಗುತ್ತದೆ.

ಈ ಓಟಕ್ಕೆ ಎರಡು ಬೇರುಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರಾಸ್ಮಿಯರ್ ಮುಂತಾದ ಊರುಗಳ ವಾರ್ಷಿಕ ಕ್ರೀಡಾಮೇಳಗಳಲ್ಲಿ ಕುರಿಗಾಹಿಗಳೂ ಪ್ರವಾಸಿಗರಿಗೆ ದಾರಿ ತೋರಿಸುತ್ತಿದ್ದ ಸ್ಥಳೀಯರೂ ಎದುರಿನ ಬೆಟ್ಟವನ್ನು ಹತ್ತಿಳಿದು ಹಣದ ಬಹುಮಾನ ಗೆಲ್ಲುತ್ತಿದ್ದರು. ಹಣ ಮುಟ್ಟಿದವನಿಗೆ ಹವ್ಯಾಸಿ ಕ್ರೀಡೆಯ ಬಾಗಿಲು ಮುಚ್ಚುತ್ತಿದ್ದ ಕಾಲ ಅದು. ಈ ನಿಯಮದ ಹಿಂದೆ ಕ್ರೀಡಾಧರ್ಮಕ್ಕಿಂತ ವರ್ಗಭೇದವೇ ಹೆಚ್ಚಾಗಿತ್ತು ಎನ್ನದೆ ವಿಧಿಯಿಲ್ಲ. ಇನ್ನೊಂದು ಬೇರು ವಿದ್ಯಾವಂತರ ದೀರ್ಘ ನಡಿಗೆ. 1864ರಲ್ಲಿ ಕೇಂಬ್ರಿಜ್‌ನ ಪಾದ್ರಿ ಜೆ. ಎಂ. ಎಲಿಯಟ್ ವಾಸ್‌ಡೇಲ್ ಹೆಡ್ ಎಂಬ ಕಣಿವೆಯೂರಿನಿಂದ ಹೊರಟು ಒಂಬತ್ತು ಶಿಖರಗಳನ್ನು ಎಂಟೂವರೆ ಗಂಟೆಯಲ್ಲಿ ಸುತ್ತಿ ಬಂದರು. ಮುಂದೆ ಈ ಸುತ್ತುಗಳು ಉದ್ದವಾದವು. ಇಪ್ಪತ್ತನಾಲ್ಕು ಗಂಟೆಯೊಳಗೆ ಎಷ್ಟು ಶಿಖರಗಳನ್ನು ಮುಟ್ಟಿ ಹೊರಟ ಜಾಗಕ್ಕೆ ಮರಳಬಹುದು ಎಂಬುದೇ ಪಂಥವಾಯಿತು. 1905ರಲ್ಲಿ ಆರ್ಥರ್ ವೇಕ್‌ಫೀಲ್ಡ್ ಎಂಬ ವೈದ್ಯರು ಕೆಸ್ವಿಕ್ ಪಟ್ಟಣದಿಂದ ಹೊರಟು ಇಂಥದೊಂದು ದಾಖಲೆ ಸ್ಥಾಪಿಸಿದರು. ಇದೇ ವೇಕ್‌ಫೀಲ್ಡ್ 1922ರ ಎವರೆಸ್ಟ್ ತಂಡದಲ್ಲೂ ಇದ್ದರು.

ಇಂದಿಗೂ ಅಳತೆಗೋಲಾಗಿ ಉಳಿದಿರುವುದು ಕೆಸ್ವಿಕ್‌ನಲ್ಲಿ ವಸತಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ ಅವರ ಸುತ್ತು. ಹಿಂದಿನ ವರ್ಷದ ಪ್ರಯತ್ನದಲ್ಲಿ ಸೋತಿದ್ದ ಅವರು 1932ರ ಜೂನ್‌ನಲ್ಲಿ ಪಟ್ಟಣದ ಮೂಟ್ ಹಾಲ್ ಕಟ್ಟಡದ ಮುಂದಿನಿಂದ ಹೊರಟು, 42 ಶಿಖರಗಳನ್ನು ಮುಟ್ಟಿ, 23 ಗಂಟೆ 39 ನಿಮಿಷಗಳಲ್ಲಿ ಅಲ್ಲಿಗೇ ಮರಳಿದರು. ಈಗ ಓಡುವ ದಾರಿಯ ಲೆಕ್ಕದಲ್ಲಿ ಈ ಸುತ್ತು ಸುಮಾರು 106 ಕಿಲೋಮೀಟರ್. ಒಟ್ಟು ಏರು 8,200 ಮೀಟರ್‌ನಷ್ಟು, ಎವರೆಸ್ಟ್‌ನ ಎತ್ತರಕ್ಕಿಂತ ತೀರಾ ಕಡಿಮೆಯೇನಿಲ್ಲ. ಗ್ರಹಾಂ ಧರಿಸಿದ್ದು ಕ್ಯಾನ್ವಾಸ್ ಶೂ ಮತ್ತು ಪೈಜಾಮದ ಅಂಗಿ. ತಿಂದದ್ದು ಬೆಣ್ಣೆ ಸವರಿದ ಬ್ರೆಡ್, ಬೇಯಿಸಿದ ಮೊಟ್ಟೆ, ಹಣ್ಣು. ಅವರೊಡನೆ ಸರದಿಯ ಮೇಲೆ ಗೆಳೆಯರು ಓಡಿದರು. ಈ ಕೊನೆಯ ಸಂಗತಿಯನ್ನು ಚರಿತ್ರೆ ಬರೆಯುವವರು ಅಡಿಟಿಪ್ಪಣಿಯಂತೆ ಕಂಡು ಮುಂದೆ ಸಾಗುವುದುಂಟು, ಆದರೆ ಈ ಕ್ರೀಡೆಯ ಸ್ವರೂಪ ನಿರ್ಧಾರವಾದದ್ದು ಅಲ್ಲಿಯೇ.

ಆ ಸುತ್ತನ್ನು ಎರಡನೆಯವರೊಬ್ಬರು ಪೂರೈಸಲು 28 ವರ್ಷ ಬೇಕಾಯಿತು: 1960ರಲ್ಲಿ ಅಲನ್ ಹೀಟನ್ 22 ಗಂಟೆ 18 ನಿಮಿಷಗಳಲ್ಲಿ ಓಡಿದರು, ಅವರ ಬೆನ್ನಿಗೇ ಸೋದರ ಕೆನ್ ಹೀಟನ್ ಕೂಡ ಓಡಿ ಮುಗಿಸಿದರು. 1971ರಲ್ಲಿ ಫ್ರೆಡ್ ರೋಜರ್ಸನ್ ಮತ್ತು ಪರ್ವತಲೇಖಕ ಹ್ಯಾರಿ ಗ್ರಿಫಿನ್ ಅವರ ಮುತುವರ್ಜಿಯಿಂದ ಬಾಬ್ ಗ್ರಹಾಂ ಕ್ಲಬ್ ಹುಟ್ಟಿಕೊಂಡಿತು. ಕ್ಲಬ್ಬಿನ ಸದಸ್ಯತ್ವ ಬಯಸುವವನು ಸುತ್ತನ್ನು 24 ಗಂಟೆಯೊಳಗೆ ಮುಗಿಸಿದರೆ ಸಾಲದು; ಪ್ರತಿಯೊಂದು ಶಿಖರದಲ್ಲೂ ಅವನೊಡನೆ ಒಬ್ಬನಾದರೂ ಸಾಕ್ಷಿ ಇರಬೇಕು. ಮೈದಾನವಿಲ್ಲದ, ಪ್ರೇಕ್ಷಕರಿಲ್ಲದ, ತೀರ್ಪುಗಾರರಿಲ್ಲದ ಆಟದಲ್ಲಿ ಮಾತಿನ ನಂಬಿಕೆಯೊಂದೇ ಪ್ರಮಾಣವಾಗುವುದರಿಂದ ಈ ನಿಯಮ ಸಹಜವೇ. ಅದರ ಪರಿಣಾಮವಾಗಿ ಒಂಟಿ ಸಾಹಸವಾಗಬಹುದಾಗಿದ್ದ ಓಟಕ್ಕೆ ಗೆಳೆಯರ ಬಳಗ ಅನಿವಾರ್ಯವಾಯಿತು.

ಸುತ್ತನ್ನು ರಸ್ತೆಗಳು ಅಡ್ಡಹಾಯುವ ಥ್ರೆಲ್ಕೆಲ್ಡ್, ಡನ್‌ಮೇಲ್ ರೇಸ್, ವಾಸ್‌ಡೇಲ್ ಮತ್ತು ಹಾನಿಸ್ಟರ್‌ಗಳಲ್ಲಿ ಕಡಿದು ಐದು ಹಂತಗಳಾಗಿ ಎಣಿಸುವುದು ರೂಢಿ. ಒಂದೊಂದು ಹಂತಕ್ಕೂ ‘ಪೇಸರ್’ಗಳೆಂಬ ಜೊತೆಓಟಗಾರರು ಬದಲಾಗುತ್ತಾರೆ; ನೀರು, ತಿಂಡಿ, ಬೆಚ್ಚನೆಯ ಉಡುಪು ಹೊರುವುದು, ಮಂಜು ಕವಿದಾಗ ದಿಕ್ಕು ಹಿಡಿಯುವುದು, ಶಿಖರ ತಲುಪಿದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳುವುದು ಅವರ ಕೆಲಸ. ರಸ್ತೆಬದಿಯಲ್ಲಿ ಇನ್ನೊಂದು ಗುಂಪು ಚಹಾ, ಸೂಪು, ಒಣ ಕಾಲುಚೀಲ ಹಿಡಿದು ಕಾದಿರುತ್ತದೆ. ಸ್ಕಾಫೆಲ್ ಪೈಕ್‌ನಿಂದ ಪಕ್ಕದ ಸ್ಕಾಫೆಲ್‌ಗೆ ಹೋಗುವಲ್ಲಿ ಬ್ರಾಡ್ ಸ್ಟ್ಯಾಂಡ್ ಎಂಬ ಬಂಡೆಯ ಮೆಟ್ಟಿಲುಗಳು ದಾರಿಗೆ ಅಡ್ಡ ನಿಲ್ಲುತ್ತವೆ: ಮೈಯನ್ನು ಅಡ್ಡ ತಿರುಗಿಸಿ ತೂರಬೇಕಾದ ಕಿರಿದಾದ ಸೀಳು, ಅದರಾಚೆಗೆ ಕೈಗೆ ಹಿಡಿತ ಸಿಗದ ನುಣುಪು ಮೂಲೆ. ಕವಿ ಕೋಲ್ರಿಜ್ 1802ರಲ್ಲಿ ಇದೇ ಬಂಡೆಯಲ್ಲಿ ಇಳಿದು ಪಾರಾಗಿದ್ದರು. ಇಲ್ಲಿ ಹತ್ತಲು ಒಪ್ಪುವ ಓಟಗಾರನಿಗಾಗಿ ಗೆಳೆಯನೊಬ್ಬ ಮುಂಚೆಯೇ ಮೇಲೇರಿ ಹಗ್ಗ ಇಳಿಬಿಟ್ಟು ಗಾಳಿಯಲ್ಲಿ ಕಾಯುತ್ತಾನೆ. ಒಪ್ಪದವನು ಬಳಸು ದಾರಿ ಹಿಡಿಯುತ್ತಾನೆ. ಹೀಗೆ ನೆರವು ಪಡೆದವನು ಮುಂದಿನ ವರ್ಷಗಳಲ್ಲಿ ಇತರರ ಸುತ್ತಿಗೆ ಹೆಗಲು ಕೊಡಬೇಕೆಂಬುದು ಬರೆಯದ ಕಟ್ಟಳೆ.

ಕಾಲ ಸರಿದಂತೆ ವೇಗ ಹೆಚ್ಚಿತು. ವಾಸ್‌ಡೇಲ್‌ನ ಕುರಿಸಾಕಣೆಗಾರ ಜಾಸ್ ನೇಲರ್ 1975ರಲ್ಲಿ 24 ಗಂಟೆಯೊಳಗೆ ಮುಟ್ಟುವ ಶಿಖರಗಳ ಸಂಖ್ಯೆಯನ್ನು 72ಕ್ಕೆ ಏರಿಸಿದರೆ, 1977ರಲ್ಲಿ ಜೀನ್ ಡಾಸ್ ಮೂಲ ಸುತ್ತನ್ನು ಪೂರೈಸಿದ ಮೊದಲ ಮಹಿಳೆಯಾದರು. 1982ರಲ್ಲಿ ಬಿಲ್ಲಿ ಬ್ಲಾಂಡ್ ಓಡಿದ 13 ಗಂಟೆ 53 ನಿಮಿಷಗಳ ದಾಖಲೆ 36 ವರ್ಷ ಅಲುಗಲಿಲ್ಲ. 2018ರಲ್ಲಿ ಸ್ಪೇನಿನ ಕಿಲಿಯನ್ ಜೋರ್ನೆಟ್ ಅದನ್ನು 12 ಗಂಟೆ 52 ನಿಮಿಷಕ್ಕೆ ಇಳಿಸಿದಾಗ, ಜಗತ್ಪ್ರಸಿದ್ಧನಾದ ಆತನೂ ಸ್ಥಳೀಯ ಓಟಗಾರರನ್ನೇ ಜೊತೆಗೆ ಕರೆದುಕೊಂಡಿದ್ದ. ಮೂಟ್ ಹಾಲ್ ಬಳಿ ಆತನನ್ನು ಎದುರುಗೊಂಡವರಲ್ಲಿ ದಾಖಲೆ ಕಳೆದುಕೊಂಡ ಬ್ಲಾಂಡ್ ಕೂಡ ಇದ್ದರು.

ಜೊತೆಗಾರಿಕೆಯನ್ನೇ ನಿಯಮವಾಗಿಸಿದ ಇನ್ನೊಂದು ಪ್ರಕಾರ ‘ಮೌಂಟನ್ ಮ್ಯಾರಥಾನ್’. 1968ರಲ್ಲಿ ಗೆರಿ ಚಾರ್ನ್‌ಲಿ ಆರಂಭಿಸಿದ ಈ ವಾರಾಂತ್ಯದ ಸ್ಪರ್ಧೆಯಲ್ಲಿ ಇಬ್ಬಿಬ್ಬರ ಜೋಡಿಗಳು ಡೇರೆ, ಮಲಗುಚೀಲ, ಒಲೆ, ಆಹಾರಗಳನ್ನೆಲ್ಲ ಬೆನ್ನಿಗೇರಿಸಿಕೊಂಡು, ನಕಾಶೆಯಲ್ಲಿ ಸೂಚಿಸಿದ ತಾಣಗಳನ್ನು ಎರಡು ದಿನಗಳಲ್ಲಿ ಹುಡುಕಿ ಮುಗಿಸಬೇಕು. ಒಬ್ಬನು ನಿಂತರೆ ಇನ್ನೊಬ್ಬನೂ ನಿಂತಂತೆಯೇ. 2008ರ ಅಕ್ಟೋಬರ್ ಕೊನೆಯಲ್ಲಿ ಬೊರೋಡೇಲ್ ಕಣಿವೆಯಲ್ಲಿ ನಡೆದ ಕೂಟಕ್ಕೆ ಬಿರುಮಳೆ ಹೊಡೆದು ಹಳ್ಳಗಳು ಉಕ್ಕಿದಾಗ ಸ್ಪರ್ಧೆಯನ್ನು ಮೊದಲ ದಿನವೇ ನಿಲ್ಲಿಸಲಾಯಿತು. ಅಂದು ರಾತ್ರಿ ಸುದ್ದಿಮಾಧ್ಯಮಗಳು ಸಾವಿರದ ಏಳುನೂರು ಜನರ ಸುಳಿವಿಲ್ಲವೆಂದು ಸಾರಿದವು. ಕೆಲವರಿಗೆ ಚಿಕಿತ್ಸೆ ಬೇಕಾದದ್ದು ನಿಜ. ಆದರೆ ‘ಕಾಣೆಯಾದವರು’ ಎಂದು ಲೆಕ್ಕಕ್ಕೆ ಬಂದವರಲ್ಲಿ ಬಹುಪಾಲು ಜನ ಬೆಟ್ಟದ ಮೇಲಿನ ಡೇರೆಗಳಲ್ಲೋ ಕಣಿವೆಯ ಕೊಟ್ಟಿಗೆಗಳಲ್ಲೋ ಜೊತೆಗಾರರೊಡನೆ ಇರುಳು ಕಳೆದು, ಮರುದಿನ ತಾವಾಗಿಯೇ ನಡೆದು ಬಂದು ಹೆಸರು ಬರೆಸಿದರು.