ರಾಣಿಯ ಇದ್ದತ್

ಉರ್ದು ಶಾಲೆಯಲ್ಲಿ ಏಳನೇ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟ್ರು ಒಂದು ಮಳೆಯ ಮಧ್ಯಾಹ್ನ ಪಾಠ ಬಿಟ್ಟು ಹ್ಯಾಮ್ಲೆಟ್‌ನ ಕಥೆ ಹೇಳಿದರು. ರಾಜ ಸತ್ತ, ಎರಡು ತಿಂಗಳು ತುಂಬುವ ಮೊದಲೇ ರಾಣಿ ಮೈದುನನನ್ನು ಮದುವೆಯಾದಳು, ಮಗ ಕಪ್ಪು ಬಟ್ಟೆ ತೊಟ್ಟು ಮೂಲೆಯಲ್ಲಿ ನಿಂತ ಎನ್ನುವಲ್ಲಿಗೆ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಇದ್ದತ್ ಮುಗಿಯದೆ ನಿಕಾಹ್ ಹೇಗಾಯಿತು ಸಾಬ್?’ ಎಂದು ಕೇಳಿದ. ಮೇಷ್ಟ್ರು ನಕ್ಕುಬಿಟ್ಟರು. ಡೆನ್ಮಾರ್ಕಿನ ರಾಣಿಗೆ ಇದ್ದತ್ ಎಲ್ಲಿಂದ ಬರಬೇಕು ಎಂದು ಕಥೆ ಮುಂದುವರಿಸಿದರು.

ಆಮೇಲೆ ಕನ್ನಡದಲ್ಲಿ ಓದಿದೆ, ಇಂಗ್ಲಿಷಿನಲ್ಲಿ ಕಷ್ಟಪಟ್ಟು ಓದಿದೆ, ಸಿಕ್ಕಷ್ಟು ಸಿನಿಮಾಗಳನ್ನು ನೋಡಿದೆ. ಆ ಹುಡುಗನ ಪ್ರಶ್ನೆ ಮಾತ್ರ ಹೋಗಲಿಲ್ಲ. ಅದು ದಡ್ಡ ಪ್ರಶ್ನೆಯಲ್ಲ ಎಂದು ಈಗ ಅನ್ನಿಸುತ್ತದೆ. ನಾಟಕದಲ್ಲಿ ಹ್ಯಾಮ್ಲೆಟ್‌ನ ಮೊದಲ ಸಂಕಟ ತಂದೆಯ ಕೊಲೆಯಲ್ಲ, ಕೊಲೆಯ ವಿಷಯ ಅವನಿಗೆ ಇನ್ನೂ ಗೊತ್ತೇ ಇರುವುದಿಲ್ಲ. ಪ್ರೇತ ಬಂದು ಹೇಳುವುದಕ್ಕೆ ಮೊದಲೇ ಅವನು ಬೆಂದುಹೋಗಿರುತ್ತಾನೆ, ತಾಯಿಯ ಅವಸರದ ಮದುವೆಯಿಂದ.

1600ರ ಸುಮಾರಿನ ಲಂಡನ್ ಪ್ರೇಕ್ಷಕನಿಗೆ ಈ ಮದುವೆಯಲ್ಲಿ ಅವಸರಕ್ಕಿಂತ ದೊಡ್ಡ ತಪ್ಪೊಂದು ಕಾಣುತ್ತಿತ್ತು. ಅಣ್ಣನ ವಿಧವೆಯನ್ನು ಮದುವೆಯಾಗುವುದು ಅಲ್ಲಿನ ಚರ್ಚಿನ ಪ್ರಕಾರ ನಿಷಿದ್ಧ ಸಂಬಂಧ. ಎಂಟನೆಯ ಹೆನ್ರಿ 1509ರಲ್ಲಿ ತನ್ನ ಅಣ್ಣ ಆರ್ಥರನ ವಿಧವೆ ಕ್ಯಾಥರೀನಳನ್ನು ಮದುವೆಯಾಗಿ, ಎರಡು ದಶಕಗಳ ಬಳಿಕ ಅದೇ ಕಾರಣ ಮುಂದೊಡ್ಡಿ ಆ ಮದುವೆಯೇ ಅಸಿಂಧು ಎಂದು ವಾದಿಸಿದ. ರೋಮಿನ ಪೋಪನೊಂದಿಗೆ ಇಂಗ್ಲೆಂಡಿನ ನಂಟು ಕಡಿದದ್ದು ಈ ಜಗಳದಲ್ಲೇ. 1533ರಲ್ಲಿ ಆನ್ ಬೊಲಿನ್‌ಗೆ ಹುಟ್ಟಿದ ಎಲಿಜಬೆತ್ ಸಿಂಹಾಸನಕ್ಕೆ ಹಕ್ಕುಳ್ಳವಳಾಗಬೇಕಾದರೆ ಅಣ್ಣನ ಹೆಂಡತಿಯೊಂದಿಗಿನ ಆ ಮದುವೆ ಪಾಪವೇ ಆಗಿರಬೇಕಿತ್ತು. ಅವಳ ಆಳ್ವಿಕೆಯ ಕೊನೆಗಾಲದಲ್ಲಿ ಶೇಕ್ಸ್‌ಪಿಯರ್ ಇಂಥದೊಂದು ಮದುವೆಯನ್ನು ರಂಗದ ಮೇಲೆ ತಂದ. ನೋಡುವವರ ಮೈ ಯಾಕೆ ಜುಮ್ಮೆನ್ನುತ್ತಿತ್ತು ಎಂದು ಇದರಿಂದ ಊಹಿಸಬಹುದು.

ನಮ್ಮಲ್ಲಿ ಹಾಗಿಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯನ್ನು ಮೈದುನ ನಿಕಾಹ್ ಮಾಡಿಕೊಳ್ಳುವುದಕ್ಕೆ ಶರೀಅತ್‌ನಲ್ಲಿ ತಡೆಯಿಲ್ಲ. ಮಕ್ಕಳಿಗೆ ಆಸರೆಯಾಗಲೆಂದು ಹಿರಿಯರೇ ನಿಂತು ಮಾಡಿಸಿದ ಎಷ್ಟೋ ಮದುವೆಗಳನ್ನು ಕಂಡಿದ್ದೇವೆ. ಷರತ್ತು ಒಂದೇ, ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿದಿರಬೇಕು. ಹಿಂದಿನ ಬೆಂಚಿನ ಹುಡುಗನಿಗೆ ಸಂಬಂಧದಲ್ಲಿ ಏನೂ ತಪ್ಪು ಕಾಣಲಿಲ್ಲ, ಲೆಕ್ಕದಲ್ಲಿ ಕಂಡಿತು. ಹಾಗಾದರೆ ಈ ದುರಂತ ಉರ್ದುವಿಗೆ ಬಂದಾಗ ರಾಣಿಯ ತಪ್ಪು ಏನಾಗಿ ಉಳಿಯುತ್ತದೆ?

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮೆಹದಿ ಹಸನ್ ‘ಅಹಸನ್’ ಲಖನವಿ ಪಾರ್ಸಿ ರಂಗಭೂಮಿಗಾಗಿ ಹ್ಯಾಮ್ಲೆಟ್ ಅನ್ನು ‘ಖೂನ್-ಎ-ನಾಹಕ್’ ಎಂದು ಉರ್ದುವಿಗೆ ಒಗ್ಗಿಸಿದರು. ಅನ್ಯಾಯದ ರಕ್ತ ಎಂದು ಅರ್ಥ. ಹೆಸರಲ್ಲೇ ಒತ್ತು ಎಲ್ಲಿದೆ ನೋಡಿ, ಕೊಲೆಯ ಮೇಲೆ. ಹಾಡು, ಪ್ರಾಸದ ಸಂಭಾಷಣೆ, ಥಳುಕಿನ ಪರದೆ ಇವುಗಳಿಂದ ಊರೂರು ಸುತ್ತುತ್ತಿದ್ದ ಕಂಪನಿಗಳಿಗೆ ಇದು ಒಳ್ಳೆಯ ಸರಕಾಯಿತು. ಸೊಹ್ರಾಬ್ ಮೋದಿ ಇದೇ ರಂಗಭೂಮಿಯಿಂದ ಬಂದವರು. ಮಾತು ಬಂದ ಸಿನಿಮಾ ನಾಟಕ ಕಂಪನಿಗಳ ಹೊಟ್ಟೆಗೆ ಹೊಡೆಯುತ್ತಿದ್ದಾಗ ಅವರು ಸ್ಟೇಜ್ ಫಿಲ್ಮ್ ಕಂಪನಿ ಕಟ್ಟಿ 1935ರಲ್ಲಿ ಇದನ್ನೇ ‘ಖೂನ್ ಕಾ ಖೂನ್’ ಎಂದು ತೆರೆಗೆ ತಂದರು. ಅದು ಹೆಚ್ಚುಕಡಿಮೆ ಕ್ಯಾಮೆರಾದ ಮುಂದೆ ಆಡಿದ ನಾಟಕವೇ. ಹ್ಯಾಮ್ಲೆಟ್ ಸ್ವತಃ ಮೋದಿ. ಒಫೀಲಿಯಾ ಆಗಿ ತೆರೆಗೆ ಮೊದಲ ಬಾರಿ ಕಾಲಿಟ್ಟವಳು ನಸೀಮ್ ಬಾನು ಎಂಬ ಹುಡುಗಿ. ತಾಯಿ ಮಗಳನ್ನು ಡಾಕ್ಟರ್ ಮಾಡಬೇಕೆಂದಿದ್ದರಂತೆ, ಮಗಳು ಊಟ ಬಿಟ್ಟು ಕೂತು ಒಪ್ಪಿಸಿದಳಂತೆ. ಆ ತಾಯಿ ಶಂಷಾದ್ ಗಾಯಕಿ. ಚಿತ್ರದಲ್ಲಿ ರಾಣಿಯ ಪಾತ್ರ ಅವರದೇ.

ತಾಯಿ ರಾಣಿ, ಮಗಳು ಒಫೀಲಿಯಾ. ನಾಟಕದಲ್ಲಿ ಒಫೀಲಿಯಾ ನೀರಿನಲ್ಲಿ ಮುಳುಗಿದ ಸುದ್ದಿಯನ್ನು ತರುವವಳು ರಾಣಿ, ಅವಳ ಗೋರಿಗೆ ಹೂ ಚೆಲ್ಲುವವಳೂ ಅವಳೇ. ಸ್ವಂತ ಮಗಳ ಮೈಯತ್ತಿಗೆ ತಾಯಿ ಹೂ ಹಾಕುವ ದೃಶ್ಯವನ್ನು ಶಂಷಾದ್ ಹೇಗೆ ಅಭಿನಯಿಸಿದ್ದಿರಬಹುದು? ಆ ಕಾಲದಲ್ಲಿ ಹಾಡುವ ಹೆಂಗಸು, ನಟಿಸುವ ಹೆಂಗಸು ಎಂದರೆ ಮರ್ಯಾದಸ್ಥರ ಬೀದಿಯಲ್ಲಿ ಎಂಥ ಮಾತು ಏಳುತ್ತಿತ್ತು ಎಂದು ಗೊತ್ತಿರುವವರಿಗೆ ಈ ಇಬ್ಬರೂ ಒಟ್ಟಿಗೆ ನಿಂತದ್ದೇ ಒಂದು ಕಥೆ. ಚಿತ್ರದಿಂದ ಹಣವೇನೂ ಆಗಲಿಲ್ಲ. ಮೋದಿ ಇನ್ನೊಂದು ಶೇಕ್ಸ್‌ಪಿಯರ್ ಪ್ರಯತ್ನದ ಬಳಿಕ ಮಿನರ್ವಾ ಮೂವಿಟೋನ್ ಕಟ್ಟಿದರು. 1939ರ ‘ಪುಕಾರ್’ನಲ್ಲಿ ಅದೇ ನಸೀಮ್ ಬಾನು ನೂರ್‌ಜಹಾನ್ ಆಗಿ ದೇಶಕ್ಕೆಲ್ಲ ಪರಿಚಿತಳಾದಳು.

ಲಾರೆನ್ಸ್ ಒಲಿವಿಯರ್‌ನ 1948ರ ‘ಹ್ಯಾಮ್ಲೆಟ್’ ಎಲ್ಲರೂ ಹೊಗಳಿದ ಚಿತ್ರ. ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ ಮೊದಲ ಅಮೆರಿಕೇತರ ಸಿನಿಮಾ ಅದು. ಕಪ್ಪು ಬಿಳುಪಿನ ಮೆಟ್ಟಿಲು, ಕಮಾನು, ಮಂಜುಗಳ ನಡುವೆ ಕ್ಯಾಮೆರಾ ಪ್ರೇತದಂತೆಯೇ ಅಲೆದಾಡುತ್ತದೆ. ಆದರೆ ಇದು ಮನಸ್ಸು ಗಟ್ಟಿಮಾಡಿಕೊಳ್ಳಲಾಗದವನ ಕಥೆ ಎಂದು ಆರಂಭದಲ್ಲೇ ಹಿನ್ನೆಲೆಯ ದನಿಯೊಂದು ತೀರ್ಪು ಕೊಟ್ಟುಬಿಡುತ್ತದೆ. ಒಲಿವಿಯರ್ ಫ್ರಾಯ್ಡ್‌ನ ಶಿಷ್ಯ ಅರ್ನೆಸ್ಟ್ ಜೋನ್ಸ್‌ನ ವ್ಯಾಖ್ಯಾನವನ್ನು ನೆಚ್ಚಿದವನು. ಮಗನ ಹಿಂಜರಿಕೆಗೆ ಕಾರಣ ತಾಯಿಯ ಮೇಲಿನ ಗುಪ್ತ ಮೋಹವೆಂಬ ವಾದ ಅದು. ರಾಣಿಯಾಗಿ ನಟಿಸಿದ ಐಲೀನ್ ಹರ್ಲಿ ಮಗನ ಪಾತ್ರಧಾರಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಕೋಣೆಯ ನಡುವೆ ದೊಡ್ಡ ಮಂಚ. ನೆರೆರಾಜ್ಯದ ಫೋರ್ಟಿನ್‌ಬ್ರಾಸ್, ಗೂಢಚಾರರಾಗಿ ಬರುವ ಇಬ್ಬರು ಹಳೆಯ ಗೆಳೆಯರು, ಇವರನ್ನೆಲ್ಲ ಕತ್ತರಿಸಿ ಎಸೆಯಲಾಗಿದೆ. ಅಂದರೆ ರಾಜ್ಯ ಹೋಯಿತು, ಕುಟುಂಬ ಉಳಿಯಿತು. ನನಗೆ ಈ ಚಿತ್ರ ನೋಡಿದಾಗಲೆಲ್ಲ ಉಸಿರು ಕಟ್ಟುತ್ತದೆ, ಅದು ನಿರ್ದೇಶಕ ಬಯಸಿದ ಕಾರಣಕ್ಕಲ್ಲ.

ಇದರ ನೆರಳು ನಮ್ಮ ಕಿಶೋರ್ ಸಾಹು 1954ರಲ್ಲಿ ಹಿಂದಿಯಲ್ಲಿ ಮಾಡಿದ ‘ಹ್ಯಾಮ್ಲೆಟ್’ ಮೇಲೂ ಬಿದ್ದಿದೆ. ಹೆಸರುಗಳು ಯುರೋಪಿನವು, ಉಡುಪು ಯುರೋಪಿನದು, ಮಾತು ಮಾತ್ರ ಉರ್ದು. ಒಫೀಲಿಯಾ ಮಾಲಾ ಸಿನ್ಹಾ. ‘ಗೈಡ್’ ಚಿತ್ರದ ಮಾರ್ಕೋ ಆಗಿ ಸಾಹು ಅವರನ್ನು ನೆನಪಿಟ್ಟುಕೊಂಡವರು ಈ ಚಿತ್ರದ ಹೆಸರನ್ನೂ ಕೇಳಿರಲಾರರು.

ರಾಜ್ಯವನ್ನು ವಾಪಸು ತಂದವನು ರಷ್ಯಾದ ಗ್ರಿಗೋರಿ ಕೋಜಿನ್‌ತ್ಸೆವ್. ಸ್ಟಾಲಿನ್ ಸತ್ತ ಮರುವರ್ಷ, 1954ರಲ್ಲಿ, ಲೆನಿನ್‌ಗ್ರಾಡಿನಲ್ಲಿ ಈ ನಾಟಕ ಆಡಿಸಿದ್ದವನು ಹತ್ತು ವರ್ಷದ ಬಳಿಕ ಅದನ್ನು ಸಿನಿಮಾ ಮಾಡಿದ. ಅನುವಾದ ಬೋರಿಸ್ ಪಾಸ್ತರ್‌ನಾಕ್‌ನದು. 1958ರಲ್ಲಿ ನೊಬೆಲ್ ಬಂದಾಗ ಸರ್ಕಾರದ ಒತ್ತಡಕ್ಕೆ ಅದನ್ನು ನಿರಾಕರಿಸಬೇಕಾಗಿ ಬಂದ ಕವಿ ಈ ಚಿತ್ರ ನೋಡಲು ಉಳಿದಿರಲಿಲ್ಲ. ಸಂಗೀತ ಶೊಸ್ತಕೋವಿಚ್‌ನದು, ಅವನೂ ಅಧಿಕಾರದ ಕಣ್ಣಿನಡಿ ಬದುಕಿದವನೇ. ಹ್ಯಾಮ್ಲೆಟ್ ಆದ ಸ್ಮೊಕ್ತುನೋವ್‌ಸ್ಕಿ ಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕು ತಪ್ಪಿಸಿಕೊಂಡು ಬಂದ ಸೈನಿಕ. ಇಂಥವರೆಲ್ಲ ಸೇರಿ ಮಾಡಿದ ಚಿತ್ರದಲ್ಲಿ ಕೋಟೆ ನಿಜವಾಗಿಯೂ ಸೆರೆಮನೆ. ಎಲ್ಲೆಲ್ಲೂ ಕಾವಲುಗಾರರು, ಕಿವಿಗೊಟ್ಟು ನಿಂತವರು. ರಾಜನ ಮದುವೆಯ ಸುದ್ದಿಯನ್ನು ಡಂಗುರದವನು ಅಂಗಳದಲ್ಲಿ ಜನರಿಗೆ ಓದಿ ಹೇಳುತ್ತಾನೆ, ಜನ ಬಾಯಿ ಬಿಡುವುದಿಲ್ಲ. ತಂದೆ ಸತ್ತಾಗ ಒಫೀಲಿಯಾಗೆ ಶೋಕದ ಉಡುಪು ತೊಡಿಸುತ್ತಾರೆ. ಮೊದಲು ಕಬ್ಬಿಣದ ಪಂಜರದಂಥ ಒಳಕಟ್ಟು, ಅದರ ಮೇಲೆ ಕಪ್ಪು ಬಟ್ಟೆ. ಹುಡುಗಿ ಯಾಕೆ ಹುಚ್ಚಿಯಾದಳು ಎಂದು ಇದಾದ ಮೇಲೆ ಯಾರೂ ಹೇಳಬೇಕಿಲ್ಲ. ಸಾಯುವ ಮುನ್ನ ಹ್ಯಾಮ್ಲೆಟ್ ಎದ್ದು ಕೋಟೆಯಿಂದ ಹೊರಗೆ ನಡೆದು ಬರುತ್ತಾನೆ.

ಇಲ್ಲಿ ರಾಣಿಯ ಮದುವೆ ಮನೆಯ ವಿಷಯವಲ್ಲ, ಸರ್ಕಾರದ ಆದೇಶ. ವಿಶಾಲ್ ಭಾರದ್ವಾಜ್‌ನ ‘ಹೈದರ್’ಗೆ ಒಲಿವಿಯರ್‌ಗಿಂತ ಈ ಚಿತ್ರವೇ ಹತ್ತಿರದ ನೆಂಟ.

‘ಹೈದರ್’ 2014ರ ಅಕ್ಟೋಬರ್ 2ರಂದು ಬಿಡುಗಡೆಯಾಯಿತು. ‘ಮಕ್ಬೂಲ್’, ‘ಓಂಕಾರ’ಗಳ ಬಳಿಕ ಭಾರದ್ವಾಜ್‌ನ ಮೂರನೆಯ ಶೇಕ್ಸ್‌ಪಿಯರ್. ಚಿತ್ರಕಥೆಯಲ್ಲಿ ಕಾಶ್ಮೀರದ ಪತ್ರಕರ್ತ ಬಶಾರತ್ ಪೀರ್ ಜೊತೆಗಾರ. ಕಾಲ 1995. ಡಾಕ್ಟರ್ ಹಿಲಾಲ್ ಮೀರ್ ಒಬ್ಬ ಉಗ್ರಗಾಮಿಗೆ ತನ್ನ ಮನೆಯಲ್ಲೇ ಶಸ್ತ್ರಚಿಕಿತ್ಸೆ ಮಾಡುತ್ತಾನೆ. ಬೆಳಗಾದರೆ ಸೈನ್ಯ ಊರನ್ನು ಸುತ್ತುವರಿಯುತ್ತದೆ. ಮುಸುಕು ಹಾಕಿದ ಮಾಹಿತಿದಾರನ ಮುಂದೆ ಗಂಡಸರೆಲ್ಲ ಸಾಲಾಗಿ ಹಾದುಹೋಗಬೇಕು. ಡಾಕ್ಟರನನ್ನು ಒಯ್ಯುತ್ತಾರೆ, ಮನೆಯನ್ನು ಸಿಡಿಸುತ್ತಾರೆ. ಅಲಿಗಢದಲ್ಲಿ ಓದುತ್ತಿದ್ದ ಮಗ ಹೈದರ್ ಊರಿಗೆ ಬಂದರೆ ತಂದೆಯಿಲ್ಲ, ಮೈಯತ್ ಇಲ್ಲ, ಗೋರಿಯಿಲ್ಲ. ಚಿಕ್ಕಪ್ಪ ಖುರ್ರಮ್ ಇದ್ದಾನೆ, ಅವನ ಮನೆಯಲ್ಲಿ ತಾಯಿ ಗಜಾಲಾ ಇದ್ದಾಳೆ. ಪ್ರೇತದ ಜಾಗದಲ್ಲಿ ಬರುವವನು ರೂಹ್‌ದಾರ್, ಡಾಕ್ಟರನ ಜೊತೆ ಸೆರೆಯಲ್ಲಿದ್ದು ಬದುಕಿ ಬಂದವನು. 2020ರಲ್ಲಿ ನಮ್ಮನ್ನಗಲಿದ ಇರ್ಫಾನ್ ಖಾನ್ ಇದರಲ್ಲಿ ಕಾಣಿಸಿಕೊಳ್ಳುವುದು ಕೆಲವೇ ನಿಮಿಷ. ಪ್ರೇತವನ್ನು ಮನುಷ್ಯನನ್ನಾಗಿಸಿದ್ದು ಸರಿಯಾದ ತೀರ್ಮಾನ. ಕಾಣೆಯಾದವರ ಊರಿನಲ್ಲಿ ಸತ್ತವರ ಸುದ್ದಿ ತರಬೇಕಾದವರು ಬದುಕಿ ಉಳಿದವರೇ ತಾನೆ.

ಕಥೆಗಾರನಾಗಿ ನನಗೆ ಅಸೂಯೆ ಹುಟ್ಟಿಸಿದ ದೃಶ್ಯ ಒಂದಿದೆ. ಒಬ್ಬ ತನ್ನ ಮನೆಯ ಬಾಗಿಲ ಮುಂದೆ ನಿಂತಿದ್ದಾನೆ, ಒಳಗೆ ಹೋಗುತ್ತಿಲ್ಲ. ಹೆಂಡತಿ ಕರೆಯುತ್ತಾಳೆ, ಆದರೂ ಇಲ್ಲ. ರೂಹ್‌ದಾರ್ ಬಂದು ಅವನ ಮೈ ತಡವಿ ತಪಾಸಣೆ ಮಾಡಿದ ಮೇಲೆ ನೆಮ್ಮದಿಯಾಗಿ ಒಳಗೆ ಹೋಗುತ್ತಾನೆ. ಇದು ಶೇಕ್ಸ್‌ಪಿಯರ್‌ನದಲ್ಲ, ಕಾಶ್ಮೀರಿ ಕಥೆಗಾರ ಅಖ್ತರ್ ಮೊಹಿಯುದ್ದೀನ್‌ರ ಸಣ್ಣಕಥೆಯೊಂದರಿಂದ ಬಂದದ್ದು. ಬಾಗಿಲಲ್ಲಿ ನಿಂತವನಾಗಿ ನಟಿಸಿದವನು ಬಶಾರತ್ ಪೀರ್. ಪ್ರಸಿದ್ಧ ಸ್ವಗತವನ್ನು ಹೈದರ್ ಲಾಲ್ ಚೌಕದಲ್ಲಿ ತಲೆ ಬೋಳಿಸಿಕೊಂಡು, ಕುಣಿಕೆ ಕೊರಳಿಗೆ ಹಾಕಿಕೊಂಡು ಜನರ ಮುಂದೆ ಆಡುತ್ತಾನೆ. ಇರುವೆವೋ ಇಲ್ಲವೋ ಎನ್ನುವ ತೊಳಲಾಟ ಒಬ್ಬನದಾಗಿ ಉಳಿಯದೆ ಊರಿನದಾಗುತ್ತದೆ.

ಚಿತ್ರಕ್ಕೆ ಐದು ರಾಷ್ಟ್ರಪ್ರಶಸ್ತಿ ಬಂದವು, ಟೀಕೆಯೂ ಬಂತು. 1990ರಲ್ಲಿ ಮನೆ ಬಿಟ್ಟು ಹೋದ ಪಂಡಿತರ ನೋವು ಇದರಲ್ಲಿ ಹಾದುಹೋಗುವ ಮಾತಾಗಿ ಮಾತ್ರ ಬರುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಲಲಿತಾದಿತ್ಯ ಕಟ್ಟಿಸಿದ ಮಾರ್ತಂಡ ಸೂರ್ಯದೇಗುಲದ ಅವಶೇಷಗಳ ನಡುವೆ ಭೂತದಂಥ ಬೊಂಬೆಗಳನ್ನು ನಿಲ್ಲಿಸಿ ‘ಬಿಸ್ಮಿಲ್’ ಹಾಡನ್ನು ಚಿತ್ರಿಸಿದ್ದು ಪಂಡಿತರ ಮನಸ್ಸು ನೋಯಿಸಿತು. ನಾಟಕದೊಳಗಿನ ನಾಟಕವಾಗಿ ಆ ಹಾಡು ಎಷ್ಟು ಚೆನ್ನಾಗಿ ಕೂತಿದೆಯೋ, ಆ ಜಾಗದ ಆಯ್ಕೆ ಅಷ್ಟೇ ಅಜಾಗರೂಕವಾದದ್ದು.

ಮತ್ತೆ ರಾಣಿಗೆ ಬರುತ್ತೇನೆ. ಟಬು ಅಭಿನಯಿಸಿದ ಗಜಾಲಾ ಈ ಎಲ್ಲ ಚಿತ್ರಗಳ ರಾಣಿಯರಲ್ಲಿ ನನಗೆ ದೊಡ್ಡವಳಾಗಿ ಕಾಣುತ್ತಾಳೆ. ಗಂಡ ಸತ್ತಿದ್ದರೆ ಅವಳು ಬೇವಾ, ಇದ್ದತ್ ಎಣಿಸಬಹುದಿತ್ತು. ಗಂಡ ಬದುಕಿದ್ದರೆ ಹೆಂಡತಿ. ಎರಡೂ ಅಲ್ಲದ ಇಂಥವರನ್ನು ಕಾಶ್ಮೀರದಲ್ಲಿ ಅರ್ಧ ವಿಧವೆ ಎನ್ನುತ್ತಾರೆ. ಇದ್ದತ್‌ನ ಮೊದಲ ದಿನ ಯಾವುದೆಂದು ಹೇಳುವವರೇ ಇಲ್ಲದಿರುವಾಗ ನಾಲ್ಕು ತಿಂಗಳು ಹತ್ತು ದಿನ ಎಲ್ಲಿಂದ ಶುರುವಾಗಬೇಕು? ಹನಫಿ ಪಂಥದ ಹಳೆಯ ತೀರ್ಮಾನದಂತೆ, ಕಾಣೆಯಾದ ಗಂಡನ ಓರಗೆಯವರೆಲ್ಲ ಸತ್ತುಹೋಗುವಷ್ಟು ಕಾಲ ಹೆಂಡತಿ ಕಾಯಬೇಕಿತ್ತು. ಮಾಲಿಕಿ ಪಂಥದಲ್ಲಿ ನಾಲ್ಕು ವರ್ಷ. ಮೌಲಾನಾ ಅಶ್ರಫ್ ಅಲಿ ಥಾನವಿಯಂಥ ಹನಫಿ ವಿದ್ವಾಂಸರೇ 1930ರ ದಶಕದ ಹೊತ್ತಿಗೆ ಮಾಲಿಕಿ ಅಭಿಪ್ರಾಯದತ್ತ ವಾಲಿದರು. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಲ್ಲಿ, ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ಹೆಂಡತಿ ಕೋರ್ಟಿನಿಂದ ಬಿಡುಗಡೆ ಪಡೆಯಬಹುದೆಂದು ಬಂತು. ಶ್ರೀನಗರದಲ್ಲಿ ಉಲಮಾಗಳು ಕೂಡಿ, ನಾಲ್ಕು ವರ್ಷ ಕಳೆದ ಅರ್ಧ ವಿಧವೆಯರು ಮರುಮದುವೆಯಾಗಬಹುದು ಎಂದು ಒಮ್ಮತದಿಂದ ಹೇಳಿದ್ದು 2013ರ ಡಿಸೆಂಬರಿನಲ್ಲಿ. 1995ರ ಗಜಾಲಾಗೆ ಆ ಮಾತು ಇನ್ನೂ ಹದಿನೆಂಟು ವರ್ಷ ದೂರ.

ಈ ಚಿತ್ರವನ್ನು ನಾನು ಎರಡನೆಯ ಸಲ ನೋಡಿದ್ದು ಮನೆಯ ಟಿವಿಯಲ್ಲಿ, ಅಮ್ಮಿಯ ಜೊತೆ. ಮದುವೆಯ ದೃಶ್ಯ ಬಂದಾಗ, ಇವಳಿಗೆ ಇಷ್ಟು ಅವಸರ ಯಾಕಿತ್ತೋ ಎಂದೆ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನ ಖಾಲಾಗೆ ಅವಸರ ಇರಲಿಲ್ಲ, ಏನು ಸಿಕ್ಕಿತು?’ ಎಂದಳು. ನಮ್ಮ ಬೀದಿಯ ಕೊನೆಯ ಮನೆಯ ಖಾಲಾಳ ಗಂಡ ಕೆಲಸಕ್ಕೆಂದು ಬೊಂಬಾಯಿಗೆ ಹೋದವನು ತಿರುಗಿ ಬರಲಿಲ್ಲ. ಆಗ ಅವಳಿಗೆ ಇಪ್ಪತ್ತೈದೂ ಆಗಿರಲಿಲ್ಲವಂತೆ. ನಾನು ಕಂಡಂತೆ ಅವಳು ಬಳೆ ತೆಗೆಯಲಿಲ್ಲ, ಹೊಸ ಬಳೆ ತೊಡಲೂ ಇಲ್ಲ. ಬೀಡಿ ಕಟ್ಟಿ ಬದುಕಿದಳು. 1939ರ ಕಾಯ್ದೆ ಇದೆಯೆಂದು ಅವಳಿಗೆ ನಮ್ಮ ಬೀದಿಯಲ್ಲಿ ಯಾರೂ ಹೇಳಲಿಲ್ಲ, ಓದಿಕೊಂಡಿದ್ದ ನಾನೂ ಹೇಳಲಿಲ್ಲ. ನನಗೆ ಅದು ಗೊತ್ತಾಗುವ ಹೊತ್ತಿಗೆ ಅವಳ ಕೂದಲು ಬೆಳ್ಳಗಾಗಿತ್ತು.

ಭಾರದ್ವಾಜ್ ಗಜಾಲಾಳನ್ನು ನಿರ್ದೋಷಿ ಮಾಡುವುದಿಲ್ಲ. ಉಗ್ರಗಾಮಿ ಮನೆಯಲ್ಲಿದ್ದಾನೆಂದು ಭಯದಿಂದ ಖುರ್ರಮ್‌ಗೆ ಹೇಳಿದವಳು ಅವಳೇ, ಅದರಿಂದ ಏನಾಗುತ್ತದೆಂದು ತಿಳಿಯದೆ. ಶೇಕ್ಸ್‌ಪಿಯರ್‌ನ ರಾಣಿ ವಿಷದ ಬಟ್ಟಲು ಎತ್ತಿಕೊಳ್ಳುವಾಗ ಅವಳಿಗೆ ಗೊತ್ತಿತ್ತೋ ಇಲ್ಲವೋ ನಾಟಕ ಹೇಳುವುದಿಲ್ಲ. ಗಜಾಲಾಗೆ ಪೂರ್ತಿ ಗೊತ್ತಿದೆ. ಸೇಡಿನಿಂದ ಸೇಡೇ ಹುಟ್ಟುವುದೆಂದು ಮಗನಿಗೆ ಹೇಳಿ, ಮೈಗೆ ಕಟ್ಟಿಕೊಂಡ ಸ್ಫೋಟಕದೊಂದಿಗೆ ಹಿಮದ ನಡುವೆ ಸೈನಿಕರತ್ತ, ಖುರ್ರಮ್‌ನತ್ತ ನಡೆಯುತ್ತಾಳೆ. ಕಾಲು ಕಳೆದುಕೊಂಡು ಬಿದ್ದ ಖುರ್ರಮ್ ಕೊಂದುಬಿಡು ಎಂದು ಬೇಡುತ್ತಾನೆ. ಹೈದರ್ ಕೊಲ್ಲದೆ ಹೊರಟುಹೋಗುತ್ತಾನೆ. ನಾನೂರು ವರ್ಷಗಳ ಈ ಕಥೆಯಲ್ಲಿ ಚಿಕ್ಕಪ್ಪ ಬದುಕಿ ಉಳಿದದ್ದು ಅಪರೂಪ.

ಕನ್ನಡದಲ್ಲಿ ಕುವೆಂಪು ಈ ನಾಟಕವನ್ನು 1932ರಲ್ಲಿ ಬಿದನೂರಿಗೆ ತಂದಾಗ ಶೀರ್ಷಿಕೆಯನ್ನು ರಾಜಕುಮಾರನಿಗೆ ಕೊಡಲಿಲ್ಲ, ‘ರಕ್ತಾಕ್ಷಿ’ ಎಂದು ಹೆಣ್ಣಿನ ಹೆಸರಿಟ್ಟರು. ಬಿದನೂರನ್ನು 1763ರಲ್ಲಿ ಗೆದ್ದವನ ಹೆಸರೂ ಹೈದರ್ ಎಂಬುದು ಬರೀ ಕಾಕತಾಳೀಯ. ರಕ್ತಾಕ್ಷಿಯನ್ನು ತೆರೆಗೆ ತರುವ ಧೈರ್ಯ ಯಾರಾದರೂ ಮಾಡಿದರೆ ನೋಡುವ ಆಸೆ ನನಗಿದೆ.

ಅದಕ್ಕಿಂತ ದೊಡ್ಡ ಆಸೆ ‘ಖೂನ್ ಕಾ ಖೂನ್’ ನೋಡುವುದು. ಆ ಚಿತ್ರ ಇಂದು ಎಲ್ಲೂ ನೋಡಸಿಗುವುದಿಲ್ಲ. ಶಂಷಾದ್ ತನ್ನ ಮಗಳ ಗೋರಿಗೆ ಹಾಕಿದ ಹೂಗಳನ್ನು 1935ರಲ್ಲಿ ಟಿಕೆಟ್ ಕೊಂಡು ಒಳಗೆ ಹೋದವರು ಮಾತ್ರ ನೋಡಿದ್ದಾರೆ.