ತಪ್ಪುತ್ತರದ ಚರಿತ್ರೆ

ಬಾಲಕನು ಲೆಕ್ಕದಲ್ಲಿ ತಪ್ಪಿದರೆ ಹಲಗೆಯ ಮೇಲೆ ಅಡ್ಡಗೀಟೆಳೆದು, ದಡ್ಡನೆಂದು ಗದರಿಸಿ, ಮುಂದಿನ ಲೆಕ್ಕವನ್ನು ಕೊಡುವುದು ನಮ್ಮ ಮನೆಗಳಲ್ಲಿಯೂ ಕೂಲಿಮಠಗಳಲ್ಲಿಯೂ ಬಹುಕಾಲ ನಡೆದುಬಂದ ವಾಡಿಕೆ. ಆ ತಪ್ಪು ಹುಟ್ಟಿದುದು ಹೇಗೆಂದು ವಿಚಾರಿಸಿದವರು ವಿರಳ. ಮನಶ್ಶಾಸ್ತ್ರವು ಈ ವಿಚಾರಕ್ಕೆ ಕೈಹಾಕಿದ ಕಥೆಯನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಫ್ರಾನ್ಸ್ ದೇಶದಲ್ಲಿ 1882ನೆಯ ಇಸವಿಯಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವು ಕಡ್ಡಾಯವಾಯಿತು. ಎಲ್ಲ ತರದ ಮಕ್ಕಳೂ ಪಾಠಶಾಲೆಗೆ ಬಂದಮೇಲೆ, ಪಾಠವನ್ನು ಹಿಡಿಯಲಾರದವರು ಯಾರು, ಅವರಿಗೆ ಮಾಡತಕ್ಕದ್ದೇನು ಎಂಬ ತೊಡಕು ತಲೆದೋರಿತು. 1904ರಲ್ಲಿ ಸರಕಾರವು ಇದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು. ಅದರ ಸದಸ್ಯರಲ್ಲೊಬ್ಬನು ಆಲ್ಫ್ರೆಡ್ ಬಿನೆ. ತನ್ನ ಇಬ್ಬರು ಹೆಣ್ಣುಮಕ್ಕಳ ಬುದ್ಧಿ ಅರಳುವ ಬಗೆಯನ್ನು ಮನೆಯಲ್ಲಿಯೇ ಕುಳಿತು ತಾಳ್ಮೆಯಿಂದ ಗಮನಿಸಿದ್ದವನು ಆತನು. ಉಪಾಧ್ಯಾಯರ ಅನಿಸಿಕೆಯೊಂದನ್ನೇ ನೆಚ್ಚಿ ಮಗುವನ್ನು ಮಂದಬುದ್ಧಿಯೆಂದು ಬೇರ್ಪಡಿಸುವುದು ಆತನಿಗೆ ಸರಿದೋರಲಿಲ್ಲ. ಸಿಮೋನ್ ಎಂಬ ಯುವಕ ವೈದ್ಯನೊಡಗೂಡಿ 1905ರಲ್ಲಿ ಸುಲಭದಿಂದ ಕಠಿನದವರೆಗೆ 30 ಪರೀಕ್ಷೆಗಳ ಒಂದು ಸೋಪಾನವನ್ನು ರಚಿಸಿದನು. 1908ರಲ್ಲಿ ಅವನ್ನು ವಯಸ್ಸಿಗನುಸಾರವಾಗಿ ವಿಂಗಡಿಸಿದನು.

ಇಲ್ಲಿ ಮರೆಯಬಾರದ ಮಾತೊಂದುಂಟು. ಬುದ್ಧಿಯು ಹುಟ್ಟಿನಿಂದಲೇ ಅಳೆದಿಟ್ಟ ವಸ್ತು, ಅದು ಹೆಚ್ಚುವಂತಿಲ್ಲ ಎಂಬ ನಿರಾಶಾವಾದವನ್ನು ಬಿನೆಯು 1909ರ ತನ್ನ ಗ್ರಂಥದಲ್ಲಿ ಖಂಡಿಸಿದನು. ಹಿಂದುಳಿದ ಮಕ್ಕಳ ಅವಧಾನವನ್ನು ಬೆಳೆಸಲು ಅಭ್ಯಾಸಗಳನ್ನೂ ಸೂಚಿಸಿದನು. ಆದರೆ 1911ರಲ್ಲಿ ಆತನು ತೀರಿಕೊಂಡನು. ಮರುವರ್ಷವೇ ಜರ್ಮನಿಯ ಸ್ಟರ್ನನು ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಸೂತ್ರವನ್ನು ಕೊಟ್ಟನು. 1916ರಲ್ಲಿ ಅಮೆರಿಕದ ಟರ್ಮನನು ಅದನ್ನು ನೂರರಿಂದ ಗುಣಿಸಿ ‘ಬುದ್ಧ್ಯಂಕ’ವೆಂದು ಪ್ರಚಾರಕ್ಕೆ ತಂದನು. ನೆರವಿಗೆಂದು ಹುಟ್ಟಿದ ಅಳತೆಗೋಲು ಅನೇಕರ ಕೈಯಲ್ಲಿ ಹಣೆಬರಹವಾಗಿ ಪರಿಣಮಿಸಿತು. ನಮ್ಮ ನಾಡಿಗೂ ಅದು ಬಂದಿತು: ಬಿನೆಯ ಪ್ರಶ್ನೆಗಳನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ತಿದ್ದಿ, ವಿ. ವಿ. ಕಾಮತರು ತಮ್ಮ ಗ್ರಂಥವನ್ನು 1940ರಲ್ಲಿ ಪ್ರಕಟಿಸಿದರು.

ಇನ್ನು ಕಥೆಯ ಎರಡನೆಯ ಘಟ್ಟ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯು ಬಸವನಹುಳು ಮೊದಲಾದ ಮೃದ್ವಂಗಿಗಳ ಮೇಲೆ ಪ್ರಬಂಧ ಬರೆದು ಪದವಿ ಪಡೆದವನು. 1919ರಲ್ಲಿ ಆತನು ಪ್ಯಾರಿಸಿಗೆ ಬಂದಾಗ, ಲಂಡನ್ನಿನ ಬರ್ಟನು ರಚಿಸಿದ ಪರೀಕ್ಷೆಗಳನ್ನು ಫ್ರೆಂಚ್ ಮಕ್ಕಳಿಗೆ ಹೊಂದಿಸುವ ಕೆಲಸವನ್ನು ಅದೇ ಸಿಮೋನನು ಒಪ್ಪಿಸಿದನು. ಸರಿಯುತ್ತರಗಳನ್ನು ಎಣಿಸುವುದಷ್ಟೆ ಕೆಲಸ. ಪಿಯಾಜೆಯ ಕಣ್ಣು ಹೋದುದು ತಪ್ಪುತ್ತರಗಳ ಕಡೆಗೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಾಗಿ ತಪ್ಪುತ್ತಿದ್ದರು. ಅವರ ತಪ್ಪು ಶೂನ್ಯವಲ್ಲ, ಅದಕ್ಕೂ ಒಂದು ತರ್ಕವಿದೆಯೆಂದು ಆತನು ಕಂಡನು. ಸಮನಾದ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಒಂದರ ನೀರನ್ನು ಕಿರಿದಾದ ಎತ್ತರದ ಪಾತ್ರೆಗೆ ಸುರಿದರೆ, ಐದು ವರ್ಷದ ಮಗುವು ನೀರು ಹೆಚ್ಚಾಯಿತೆನ್ನುತ್ತದೆ. ಅದು ಎತ್ತರವೊಂದನ್ನೇ ನೋಡುತ್ತದೆ. ಎತ್ತರ ಹೆಚ್ಚಿದಂತೆ ಅಗಲ ಕುಗ್ಗಿತೆಂದು ಎರಡನ್ನೂ ಕೂಡಿಸಿ ಎಣಿಸುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಇಂತಹ ಪ್ರಯೋಗಗಳಿಂದ ಪಿಯಾಜೆಯು ಬುದ್ಧಿಯ ಬೆಳವಣಿಗೆಗೆ ನಾಲ್ಕು ಅವಸ್ಥೆಗಳನ್ನು ನಿರೂಪಿಸಿದನು. ಪ್ರಶ್ನೆಯನ್ನು ಮಗುವಿಗೆ ಅರ್ಥವಾಗುವ ಸಂದರ್ಭದಲ್ಲಿಟ್ಟರೆ ಆತನೆಣಿಸಿದುದಕ್ಕಿಂತ ಮೊದಲೇ ಅದು ಸರಿಯಾಗಿ ಯೋಚಿಸಬಲ್ಲುದೆಂದು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬ ವಿದುಷಿಯು 1978ರ ತನ್ನ ಗ್ರಂಥದಲ್ಲಿ ತೋರಿಸಿದಳು.

ಪಿಯಾಜೆಯು ಹುಟ್ಟಿದ 1896ರಲ್ಲಿಯೇ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದವನು ಲೆವ್ ವೈಗೋಟ್ಸ್ಕಿ. ಆತನ ದೃಷ್ಟಾಂತವು ಸರಳವಾದುದು. ಪರೀಕ್ಷೆಯಲ್ಲಿ ಇಬ್ಬರು ಬಾಲಕರ ಮಾನಸಿಕ ವಯಸ್ಸು ಎಂಟೆಂದು ತೋರಿತೆನ್ನಿ. ಅಳತೆಗಾರನಿಗೆ ಇಬ್ಬರೂ ಸಮಾನರು. ಆದರೆ ಹಿರಿಯರೊಬ್ಬರು ಸ್ವಲ್ಪ ಸುಳಿವು ಕೊಟ್ಟರೆ, ಒಬ್ಬನು ಒಂಬತ್ತು ವರ್ಷದವರ ಸಮಸ್ಯೆಯನ್ನೂ ಮತ್ತೊಬ್ಬನು ಹನ್ನೆರಡು ವರ್ಷದವರ ಸಮಸ್ಯೆಯನ್ನೂ ಬಿಡಿಸುವನು. ಹಾಗಾದರೆ ಅವರು ಸಮಾನರೆ? ಮಗುವು ಇಂದು ನೆರವಿನಿಂದ ಮಾಡುವುದನ್ನು ನಾಳೆ ತಾನೇ ಮಾಡುವುದು. ಬೋಧನೆಯು ಈ ನಡುವಣ ಎಡೆಯಲ್ಲಿ ನಡೆಯಬೇಕೆಂಬುದು ಆತನ ಸಿದ್ಧಾಂತ. 1934ರಲ್ಲಿ ಕ್ಷಯರೋಗದಿಂದ, 37ನೆಯ ವಯಸ್ಸಿನಲ್ಲಿ, ಆತನು ಮೃತನಾದನು. ಆತನ ಮುಖ್ಯ ಗ್ರಂಥವು ಬೆಳಕು ಕಂಡುದು ಆ ವರ್ಷವೇ, ಆತನು ಗತಿಸಿದ ಬಳಿಕ. 1936ರ ಸೋವಿಯತ್ ಆಜ್ಞೆಯು ಮಕ್ಕಳ ಮನಸ್ಸನ್ನು ಪರೀಕ್ಷಿಸುವ ಶಾಸ್ತ್ರವನ್ನೇ ಖಂಡಿಸಿದುದರಿಂದ ಆತನ ಕೃತಿಗಳು ಮೂಲೆಗೆ ಬಿದ್ದುವು. ಗ್ರಂಥದ ಮರುಮುದ್ರಣವು 1956ರಲ್ಲಿಯೂ ಇಂಗ್ಲಿಷ್ ಅನುವಾದವು 1962ರಲ್ಲಿಯೂ ಹೊರಬಿದ್ದವು.

ಈ ಮೂವರೂ ಒಂದೇ ತಪ್ಪುತ್ತರವನ್ನು ಮೂರು ಕಡೆಯಿಂದ ನೋಡಿದರೆನ್ನಬಹುದು. ಮಗುವು ಎಲ್ಲಿ ನಿಂತಿದೆಯೆಂದು ಬಿನೆಯು ಕೇಳಿದನು. ಅಲ್ಲಿಂದ ಅದಕ್ಕೆ ಲೋಕವು ಹೇಗೆ ಕಾಣುವುದೆಂದು ಪಿಯಾಜೆಯು ಕೇಳಿದನು. ಕೈಹಿಡಿದರೆ ಎಲ್ಲಿಗೆ ಏರೀತೆಂದು ವೈಗೋಟ್ಸ್ಕಿಯು ಕೇಳಿದನು. ಶಾಸ್ತ್ರಗ್ರಂಥಗಳನ್ನೋದಲು ಎಲ್ಲ ತಂದೆತಾಯಿಗಳಿಗೂ ಅವಕಾಶವಿರಲಾರದು. ಆದರೆ ಸಂಜೆಯ ಹೊತ್ತು ಮಗುವು ತಪ್ಪು ಲೆಕ್ಕವನ್ನು ಮುಂದಿಟ್ಟಾಗ ಗೀಟೆಳೆಯುವುದಕ್ಕೆ ಮೊದಲು, “ಇದನ್ನು ಹೇಗೆ ಮಾಡಿದೆ, ಹೇಳು ನೋಡೋಣ” ಎಂದು ಕೇಳಲು ಯಾವ ಪದವಿಯೂ ಬೇಡ. ಉತ್ತರವನ್ನು ಕೊನೆಯವರೆಗೆ ಕೇಳುವ ತಾಳ್ಮೆಯಿದ್ದರೆ ಸಾಕು.